ಬಸವನಹುಳುವಿನ ಬೆನ್ನಿನ ಪಾಚಿ

ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನು ಸಾಕುವ ಹವ್ಯಾಸವು ನಮ್ಮ ನಗರಕ್ಕೆ ಹೊಸದಲ್ಲ. ಆದರೆ ಸಿಹಿನೀರನ್ನು ಬಿಟ್ಟು ಕಡಲಿನ ಉಪ್ಪುನೀರನ್ನೇ ಮನೆಯಲ್ಲಿ ಸಿದ್ಧಪಡಿಸಿ, ಅದರಲ್ಲಿ ಕಡಲ ಜೀವಿಗಳನ್ನು ಸಾಕುವವರು ವಿರಳ. ಇದಕ್ಕೆ ಕಾರಣವು ಸ್ಪಷ್ಟವಾಗಿಯೇ ಇದೆ. ಸಿಕಂದರಾಬಾದು ದಖ್ಖಣದ ಕಲ್ಲುನೆಲದ ಮೇಲೆ, ಸಮುದ್ರಮಟ್ಟದಿಂದ 500 ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. ಮಚಲೀಪಟ್ಟಣದ ಕಡಲ ತೀರವು ಇಲ್ಲಿಂದ 300 ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮಲ್ಲಿ ಬಹುಮಂದಿ ಬೀದರ, ಕಲಬುರಗಿ, ರಾಯಚೂರು ಕಡೆಯ ಮನೆತನದವರು. 1956ರವರೆಗೆ ಆ ಜಿಲ್ಲೆಗಳೂ ಈ ನಗರವೂ ಒಂದೇ ಹೈದರಾಬಾದು ರಾಜ್ಯಕ್ಕೆ ಸೇರಿದ್ದುವು. ಅಲ್ಲಿಯೂ ಕಡಲಿಲ್ಲ, ಇಲ್ಲಿಯೂ ಕಡಲಿಲ್ಲ. ಕಾರವಾರ, ಮಲ್ಪೆಗಳ ಹೆಸರನ್ನು ಭೂಗೋಳದ ಪಾಠದಲ್ಲಿ ಓದಿ ತೃಪ್ತರಾದ ನಮಗೆ, ಕಡಲಿನ ಒಂದು ತುಣುಕನ್ನು ಕಣ್ಣಾರೆ ಕಾಣುವ ಯೋಗವು ಮಾರೇಡಪಲ್ಲಿಯ ಸಹಪಾಠಿಯೊಬ್ಬನ ಮನೆಯಲ್ಲಿ ಒದಗಿತು. ಅಲ್ಲಿ ನಾವು ಕಂಡುದನ್ನೂ, ಮಾಡಿದ ತಪ್ಪನ್ನೂ, ಅದರಿಂದ ನಮ್ಮಲ್ಲಿ ಮೂಡಿದ ಅಭಿಪ್ರಾಯವನ್ನೂ ವಾಚಕರ ಮುಂದೆ ಇಡಲು ಬಯಸುತ್ತೇವೆ.

ತೊಟ್ಟಿಯು ನೂರು ಲೀಟರಿನದು. ಅದಕ್ಕೆ ಬೇಕಾದ ಉಪ್ಪು ಸುಮಾರು ಮೂರೂವರೆ ಕಿಲೋ, ಏಕೆಂದರೆ ಕಡಲಿನ ಒಂದು ಲೀಟರು ನೀರಿನಲ್ಲಿ ಹತ್ತಿರಹತ್ತಿರ 35 ಗ್ರಾಂ ಲವಣಗಳಿರುತ್ತವೆ. ಅಡಿಗೆಯ ಉಪ್ಪನ್ನೇ ಕರಗಿಸಿದರೆ ಸಾಲದೇ ಎಂದು ನಾವು ಕೇಳಿದೆವು. ಸಾಲದು. ಕಡಲಿನ ಲವಣದಲ್ಲಿ ಸೋಡಿಯಮ್ ಮತ್ತು ಕ್ಲೋರೈಡುಗಳ ಪಾಲು ನೂರಕ್ಕೆ ಎಂಬತ್ತೈದರಷ್ಟು. ಉಳಿದ ಪಾಲಿನಲ್ಲಿ ಮೆಗ್ನೀಸಿಯಮ್, ಗಂಧಕದ ಲವಣ, ಕ್ಯಾಲ್ಸಿಯಮ್, ಪೊಟಾಸಿಯಮ್ ಮೊದಲಾದುವು ಸೇರಿವೆ. ಚಿಪ್ಪನ್ನು ಕಟ್ಟಿಕೊಳ್ಳುವ ಪ್ರಾಣಿಗೆ ನೀರಿನ ಈ ಕ್ಯಾಲ್ಸಿಯಮ್ಮೇ ಸುಣ್ಣ, ಅದೇ ಇಟ್ಟಿಗೆ. ಆದುದರಿಂದ ಎಲ್ಲ ಲವಣಗಳನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದ ಮಿಶ್ರಣವನ್ನೇ ತರಬೇಕಾಯಿತು. ನೀರನ್ನು ತುಂಬಿದ ಒಡನೆಯೇ ಮೀನನ್ನು ಬಿಡುವಂತಿರಲಿಲ್ಲ. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯಾ ವಿಷಕಾರಿ. ಅದನ್ನು ಮೊದಲು ನೈಟ್ರೈಟಾಗಿಯೂ ಅನಂತರ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲು ಮರಳುಗಳಲ್ಲಿ ನೆಲೆಗೊಳ್ಳಬೇಕು. ಅದಕ್ಕೆ ಐದಾರು ವಾರ ಕಾದ ಮೇಲೆ ಎರಡು ಕಿತ್ತಳೆ ಬಣ್ಣದ ಮೀನುಗಳೂ ಆರು ಕಡಲ ಬಸವನಹುಳುಗಳೂ ಆ ಮನೆಗೆ ಬಂದುವು.

ಬಸವನಹುಳುಗಳನ್ನು ತಂದುದು ಅಂದಕ್ಕಾಗಿ ಅಲ್ಲ, ಚಾಕರಿಗಾಗಿ. ಗಾಜಿನ ಮೇಲೂ ಕಲ್ಲಿನ ಮೇಲೂ ಬೆಳೆಯುವ ಪಾಚಿಯೇ ಅವುಗಳ ಆಹಾರ. ಅವುಗಳ ಬಾಯಲ್ಲಿ ಅರದಂತಹ ನಾಲಗೆಯೊಂದಿದೆ. ಅದರ ಮೇಲೆ ಸಾಲುಸಾಲಾಗಿ ಸೂಕ್ಷ್ಮವಾದ ಹಲ್ಲುಗಳಿವೆ. ಗಾಜಿಗೆ ಕಣ್ಣಿಟ್ಟು ನೋಡಿದರೆ, ಹುಳುವು ಸಾಗಿದ ದಾರಿಯುದ್ದಕ್ಕೂ ಆ ನಾಲಗೆ ಕೆರೆದ ಗೆರೆಗಳನ್ನು ಕಾಣಬಹುದು. ಈ ಚಾಕರಿಗೂ ಒಂದು ಚರಿತ್ರೆಯುಂಟು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನರು 1849ರಲ್ಲಿ ಗಾಜಿನ ಪಾತ್ರೆಯೊಂದರಲ್ಲಿ ಎರಡು ಹೊನ್ನಮೀನುಗಳನ್ನೂ ಒಂದು ಜಲಸಸ್ಯವನ್ನೂ ಇಟ್ಟರು. ಗಿಡವು ಪ್ರಾಣವಾಯುವನ್ನು ಕೊಡುವುದು, ಮೀನು ಗಿಡಕ್ಕೆ ಗೊಬ್ಬರವನ್ನು ಕೊಡುವುದು, ಎರಡೂ ಸುಖವಾಗಿರುವುವು ಎಂಬುದು ಅವರ ಎಣಿಕೆ. ಆದರೆ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ಪಾತ್ರೆಯ ಒಳಮೈಯಲ್ಲಿ ಹಸಿರು ಕಟ್ಟಿತು. ಆಗ ಅವರು ಕೊಳದ ಬಸವನಹುಳುಗಳನ್ನು ಒಳಗೆ ಬಿಟ್ಟರು. ಅವು ಕೊಳೆತುದನ್ನು ತಿಂದು ತೀರಿಸಿದುವು, ನೀರು ತಿಳಿಯಾಯಿತು. ಮನೆಯ ತೊಟ್ಟಿಯಲ್ಲಿ ಜೀವಿಗಳ ಸಮತೋಲವೆಂಬ ವಿಚಾರವು ಬೇರೂರಲು ಈ ಪ್ರಯೋಗವು ನೆರವಾಯಿತು. ಮೀನು ಮತ್ತು ಗಿಡಗಳ ನಡುವಣ ಮೂರನೆಯ ಪಾಲುದಾರನು ಬಸವನಹುಳುವೇ ಎಂಬುದನ್ನು ನಾವು ಮರೆಯಬಾರದು.

ದೀಪಾವಳಿಯ ಬಳಿಕ ಸಿದ್ಧವಾದ ಆ ತೊಟ್ಟಿಯು ಚಳಿಗಾಲವನ್ನೆಲ್ಲ ಸೊಗಸಾಗಿ ಕಳೆಯಿತು. ಚೈತ್ರ ಬಂದಿತು, ಬಿಸಿಲೇರಿತು. ಒಂದು ದಿನ ನಾವು ನಾಲ್ವರು ಅಲ್ಲಿಗೆ ಹೋದಾಗ ವಿಚಿತ್ರವೊಂದನ್ನು ಕಂಡೆವು. ಗಾಜು ಸ್ವಚ್ಛವಾಗಿತ್ತು. ಆದರೆ ಅದನ್ನು ಸ್ವಚ್ಛಗೊಳಿಸಿದ ಬಸವನಹುಳುಗಳ ಬೆನ್ನಿನ ಮೇಲೆ ಹಸಿರು ಕೂದಲಿನಂತಹ ಪಾಚಿಯು ಬೆರಳುದ್ದ ಬೆಳೆದು ನೀರಿನ ಸೆಳೆತಕ್ಕೆ ಓಲಾಡುತ್ತಿತ್ತು. ನಮಗೆ ಮೊದಲು ನಗು ಬಂದಿತು. ಊರಿನ ಗಡ್ಡವನ್ನೆಲ್ಲ ಬೋಳಿಸುವ ಕ್ಷೌರಿಕನು ತನ್ನ ಗಡ್ಡವನ್ನು ಬಿಟ್ಟುಕೊಂಡಂತಿತ್ತು ಆ ನೋಟ. ಅನಂತರ ಕನಿಕರ ಹುಟ್ಟಿತು. ಯಾವುದೋ ರೋಗವು ತಗುಲಿದೆ ಎಂದು ನಾವು ನಿಶ್ಚಯಿಸಿದೆವು. ಉಪಕಾರ ಮಾಡಲು ಟೊಂಕ ಕಟ್ಟಿ ನಿಂತೆವು.

ಹುಳುಗಳನ್ನು ಒಂದೊಂದಾಗಿ ಹೊರತೆಗೆದು, ಬಟ್ಟೆ ಒಗೆಯುವ ಗಡುಸು ಬ್ರಷಿನಿಂದ ಬೆನ್ನುಗಳನ್ನು ಉಜ್ಜಿದೆವು. ಹಸಿರು ಹೋಯಿತು; ಅದರೊಡನೆ ಚಿಪ್ಪಿನ ಹೊರಪೊರೆಯೂ ಅಲ್ಲಲ್ಲಿ ಹೋಯಿತು. ಒಂದರ ಚಿಪ್ಪಿನ ಅಂಚು ಮುರಿಯಿತು. ಕೆಲಸ ಮುಗಿದ ಸಂತೋಷದಲ್ಲಿ ಅವುಗಳನ್ನು ನೀರಿಗೆ ಇಳಿಬಿಟ್ಟು ಮನೆಗೆ ನಡೆದೆವು. ಅವುಗಳಲ್ಲಿ ಒಂದು ಬೆನ್ನು ಕೆಳಗಾಗಿ ಕಲ್ಲುಗಳ ಸಂದಿಯಲ್ಲಿ ಬಿದ್ದಿತ್ತು. ಕೆಲವು ಜಾತಿಯ ಕಡಲ ಬಸವನಹುಳುಗಳು ಹಾಗೆ ಬಿದ್ದರೆ ತಾವಾಗಿ ಮಗುಚಿಕೊಳ್ಳಲಾರವು ಎಂಬುದು ನಮಗೆ ತಿಳಿದಿರಲಿಲ್ಲ. ಎರಡು ದಿನಗಳ ಮೇಲೆ ಅದು ಸತ್ತು ಕೊಳೆತು ನಾರಿದಾಗಲೇ ಮನೆಯವರಿಗೆ ವಿಷಯ ತಿಳಿದುದು. ಮೂರು ವಾರ ಕಳೆಯುವಷ್ಟರಲ್ಲಿ ಉಳಿದ ಐದರ ಬೆನ್ನುಗಳೂ ಮೊದಲಿನಂತೆಯೇ ಹಸಿರಾದುವು. ನಮ್ಮ ಉಪಕಾರದಿಂದ ಉಳಿದ ಫಲವೆಂದರೆ ಒಂದು ಸಾವು, ಒಂದು ಮುರಿದ ಅಂಚು.

ತಲೆತಗ್ಗಿಸಿಕೊಂಡು ನಮ್ಮ ವಿಜ್ಞಾನದ ಉಪಾಧ್ಯಾಯರಲ್ಲಿಗೆ ಹೋಗಿ ನಡೆದುದನ್ನು ಅರಿಕೆ ಮಾಡಿಕೊಂಡೆವು. ಅವರು ಹುಳುವಿನ ವಿಷಯವಾಗಿ ಏನನ್ನೂ ಕೇಳಲಿಲ್ಲ. “ಮೀನಿಗೆ ದಿನಕ್ಕೆ ಎಷ್ಟು ಸಲ ಆಹಾರ ಹಾಕುತ್ತಾರೆ?” ಎಂದು ಕೇಳಿದರು. ನಾವು ಎಣಿಸಿ ನೋಡಿದೆವು. ಬೆಳಿಗ್ಗೆ ತಂದೆಯವರು, ಮಧ್ಯಾಹ್ನ ಅಜ್ಜಿ, ಸಂಜೆ ನಮ್ಮ ಸಹಪಾಠಿ; ಇವರಲ್ಲದೆ ಬೇಸಗೆಯ ರಜೆಯಲ್ಲಿ ಬಂದ ನೆಂಟರಿಷ್ಟರ ಮಕ್ಕಳು. ಮೀನು ತಿನ್ನುವುದನ್ನು ನೋಡುವ ಆಸೆ ಎಲ್ಲರಿಗೂ ಇತ್ತು; ಹಾಕಿದುದೆಲ್ಲವನ್ನೂ ಮೀನು ತಿಂದಿತೇ ಎಂದು ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. “ದೀಪ ಎಷ್ಟು ಹೊತ್ತು ಉರಿಯುತ್ತದೆ?” ಎಂಬುದು ಎರಡನೆಯ ಪ್ರಶ್ನೆ. ಮುಂಜಾನೆಯಿಂದ ರಾತ್ರಿ ಊಟದವರೆಗೆ ಉರಿಯುತ್ತಿತ್ತು. “ಬೇಸಗೆಯಲ್ಲಿ ನೀರು ಆರಿದಾಗ ಏನು ಹಾಕುತ್ತಾರೆ?” ಎಂಬುದು ಮೂರನೆಯದು. ಉಪ್ಪುನೀರನ್ನೇ ಹಾಕುತ್ತಿದ್ದರು. ನೀರು ಆವಿಯಾಗುತ್ತದೆಯೇ ಹೊರತು ಉಪ್ಪು ಆವಿಯಾಗುವುದಿಲ್ಲವೆಂಬ ಐದನೆಯ ತರಗತಿಯ ಪಾಠವು ಯಾರ ನೆನಪಿಗೂ ಬಂದಿರಲಿಲ್ಲ. ಹೀಗೆ ತೊಟ್ಟಿಯ ಉಪ್ಪು ದಿನದಿನಕ್ಕೆ ಏರುತ್ತ ಹೋಗಿತ್ತು. ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ರೋಗವು ಎಲ್ಲಿದೆಯೆಂಬುದು ನಮಗೇ ಗೊತ್ತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ನಾವು ಬಸವನಹುಳುವಿನ ಮೇಲೆ ನಡೆಸಿ ತೋರಿಸಿದ್ದೆವು.

ಪಾಚಿಯು ರೋಗವಲ್ಲ, ಸಸ್ಯದಂತೆಯೇ ಬೆಳಕನ್ನುಂಡು ಬಾಳುವ ಜೀವಿ. ಅದಕ್ಕೆ ಬೇಕಾದುವು ಬೆಳಕು, ಆಹಾರ ಮತ್ತು ಊರಿಕೊಳ್ಳಲು ಒಂದು ಗಟ್ಟಿಯಾದ ನೆಲೆ. ಮೀನು ತಿನ್ನದೆ ಬಿಟ್ಟ ಆಹಾರವು ಕೊಳೆತು ನೀರಿಗೆ ನೈಟ್ರೇಟನ್ನೂ ಫಾಸ್ಫೇಟನ್ನೂ ಸೇರಿಸುತ್ತದೆ. ಹೊಲಕ್ಕೆ ಗೊಬ್ಬರವೆಂದು ರೈತನು ಹಾಕುವುದೂ ಇವುಗಳನ್ನೇ. ಚಿಪ್ಪು ಪಾಚಿಗೆ ಕಲ್ಲಿನಂತೆಯೇ ಒಂದು ನೆಲೆ. ಆದರೆ ಅದು ಬೆಳಕಿರುವ ಕಡೆಗೆ ತಾನಾಗಿ ನಡೆದುಹೋಗುವ ಕಲ್ಲು! ಗಾಜಿನ ಮೇಲಿನ ಪಾಚಿಯನ್ನು ಹುಳು ತಿನ್ನುತ್ತದೆ, ಕಲ್ಲಿನ ಮೇಲಿನದನ್ನೂ ತಿನ್ನುತ್ತದೆ. ಅದರ ಬಾಯಿ ಇರುವುದು ಮೈಯ ಕೆಳಗೆ. ಆದುದರಿಂದ ತನ್ನ ಚಿಪ್ಪಿನ ಮೇಲ್ಭಾಗವೊಂದನ್ನು ಮಾತ್ರ ಅದು ತಲುಪಲಾರದು. ಇಡೀ ತೊಟ್ಟಿಯಲ್ಲಿ ಮೇಯುವ ಹುಳುವಿನ ನಾಲಗೆಯಿಂದ ತಪ್ಪಿಸಿಕೊಳ್ಳಲು ಪಾಚಿಗೆ ಇದಕ್ಕಿಂತ ಕ್ಷೇಮವಾದ ತಾಣವು ಎಲ್ಲಿದೆ? ತನ್ನ ಬೆನ್ನು ತನಗೆ ಕಾಣದೆಂದು ಹಿರಿಯರು ಹೇಳುವುದು ಬಸವನಹುಳುವಿನ ಮಟ್ಟಿಗೆ ಅಕ್ಷರಶಃ ಸತ್ಯವಾಗಿದೆ.

ಪಾಚಿಯ ಮೂಲವು ನೀರಿನೊಳಗಿನ ಗೊಬ್ಬರವೇ ಎಂಬುದಕ್ಕೆ ದೊಡ್ಡ ನಿದರ್ಶನವೊಂದುಂಟು. 1973ರಲ್ಲಿ ಕೆನಡಾ ದೇಶದ ಒಂಟೇರಿಯೋ ಪ್ರಾಂತದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ 226ನೆಯ ಸಂಖ್ಯೆಯ ಸರೋವರವನ್ನು ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಸಾರಜನಕವನ್ನೂ ಇಂಗಾಲವನ್ನೂ ಸೇರಿಸಿದರು. ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಸೇರಿಸಿದರು. ರಂಜಕ ಸೇರಿದ ಭಾಗವು ಪಾಚಿಯಿಂದ ಹಸಿರಾಯಿತು. ಮತ್ತೊಂದು ತಿಳಿಯಾಗಿಯೇ ಉಳಿಯಿತು. ಒಂದೇ ಸರೋವರ, ಒಂದೇ ಬಿಸಿಲು, ಒಂದೇ ಗಾಳಿ. ಭೇದವಿದ್ದುದು ಒಳಗೆ ಸುರಿದುದರಲ್ಲಿ. ಆಕಾಶದಿಂದ ತೆಗೆದ ಆ ಸರೋವರದ ಚಿತ್ರವನ್ನು ಕಂಡವರಿಗೆ ಬೇರೆ ವಾದವೇ ಬೇಕಾಗಲಿಲ್ಲ.

ಮಾರೇಡಪಲ್ಲಿಯ ಮನೆಯಲ್ಲಿ ನಾವು ಎರಡನೆಯ ಸಲ ಹುಳುಗಳನ್ನು ಮುಟ್ಟಲಿಲ್ಲ. ಆಹಾರವು ದಿನಕ್ಕೆ ಒಂದು ಸಲ, ಮೀನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಎಂದು ನಿಯಮವಾಯಿತು. ಆಹಾರದ ಡಬ್ಬಿಯ ಅಧಿಕಾರವನ್ನು ಅಜ್ಜಿಯವರಿಗೆ ಒಪ್ಪಿಸಲಾಯಿತು. ಅವರು ಅದನ್ನು ಸಕ್ಕರೆಯ ಡಬ್ಬಿಯಷ್ಟೇ ಎಚ್ಚರದಿಂದ ಕಾಪಾಡಿದರು. ದೀಪವನ್ನು ಏಳು ಗಂಟೆಗಳಿಗೆ ಇಳಿಸಲಾಯಿತು. ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ತೆಗೆದು, ಅಷ್ಟೇ ಹೊಸ ಉಪ್ಪುನೀರನ್ನು ಸೇರಿಸುವುದೆಂದೂ, ಬಿಸಿಲಿಗೆ ಆರಿದ ನೀರಿಗೆ ಬದಲಾಗಿ ಶುದ್ಧವಾದ ಸಿಹಿನೀರನ್ನೇ ತುಂಬುವುದೆಂದೂ ಗೊತ್ತುಮಾಡಲಾಯಿತು. ಮೊದಲ ಮೂರು ವಾರ ಯಾವ ಭೇದವೂ ಕಾಣಲಿಲ್ಲ. ನಮ್ಮಲ್ಲಿ ಒಬ್ಬಿಬ್ಬರು ಬ್ರಷಿನ ಕಡೆಗೆ ನೋಡಿದ್ದೂ ಉಂಟು. ಆದರೆ ಶ್ರಾವಣದ ಹೊತ್ತಿಗೆ ಹಸಿರು ಕೂದಲು ಗಿಡ್ಡವಾಯಿತು, ತೆಳುವಾಯಿತು. ಒಂದು ಸಂಜೆ ನಾವು ಕಂಡ ದೃಶ್ಯವನ್ನು ಮರೆಯುವಂತಿಲ್ಲ. ಒಂದು ಬಸವನಹುಳುವು ಮತ್ತೊಂದರ ಬೆನ್ನೇರಿ, ನಿಧಾನವಾಗಿ ಅದರ ಚಿಪ್ಪಿನ ಮೇಲಿನ ಪಾಚಿಯನ್ನು ಮೇಯುತ್ತಿತ್ತು. ತಾನು ತಲುಪಲಾರದ ತನ್ನ ಬೆನ್ನನ್ನು ನೆರೆಯವನು ತಲುಪಿದನು. ಬೆಳವಣಿಗೆ ಮಿತಿಯಲ್ಲಿದ್ದರೆ ಈ ನೆರೆಹೊರೆಯ ನೆರವೇ ಸಾಕು. ಮಿತಿ ಮೀರಿದಾಗ ಯಾವ ನೆರೆಯವನೂ ಸಾಲುವುದಿಲ್ಲ.

ನಮ್ಮ ಅಭಿಪ್ರಾಯಕ್ಕೆ ಎದುರಾಗಿ ಮೂರು ಮಾತುಗಳನ್ನು ಕೇಳಿದ್ದೇವೆ. ಬೆನ್ನಿನ ಪಾಚಿಯಿಂದ ಹುಳುವಿಗೆ ತೊಂದರೆಯಾಗದೇ ಎಂಬುದು ಮೊದಲನೆಯದು. ಸಾಮಾನ್ಯವಾಗಿ ಆಗುವುದಿಲ್ಲ. ಕಡಲಿನ ಬಂಡೆಗಳ ನಡುವೆ ಚಿಪ್ಪಿನ ಮೇಲಿನ ಹಸಿರು ಅದನ್ನು ಶತ್ರುವಿನ ಕಣ್ಣಿನಿಂದ ಮರೆಸುವುದೂ ಉಂಟು. ಪಾಚಿಯು ತೀರ ದಟ್ಟವಾಗಿ ಹುಳುವಿನ ನಡೆಗೆ ಅಡ್ಡಿಯಾದರೆ ಮಾತ್ರ ಮೆತ್ತನೆಯ ಹಲ್ಲುಜ್ಜುವ ಬ್ರಷಿನಿಂದ ಹಗುರವಾಗಿ ಸವರಿ, ಕಾಲು ಕೆಳಗೆ ಬರುವಂತೆ ಕಲ್ಲಿನ ಮೇಲೆ ಇರಿಸಬೇಕು. ಚಿಪ್ಪು ಹುಳುವಿನ ಅಂಗಿಯಲ್ಲ, ಅದರ ಮೈಯೇ ದಿನದಿನವೂ ಪದರಪದರವಾಗಿ ಕಟ್ಟಿದ ಗೋಡೆ. ಆ ಪದರಗಳ ಒಳಮೈಯಲ್ಲಿ ಹೊಳೆಯುವ ಮುತ್ತಿನ ಬಣ್ಣಗಳ ಮೂಲವನ್ನು ಅರಿಯಲು ಸರ್ ಸಿ. ವಿ. ರಾಮನ್ನರು 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಸಂಶೋಧನೆ ನಡೆಸಿದರು. ಅಂತಹ ವಿಜ್ಞಾನಿಯ ಕುತೂಹಲವನ್ನು ಕೆರಳಿಸಿದ ವಸ್ತುವನ್ನು ಪಾತ್ರೆಯ ತಳದಂತೆ ತಿಕ್ಕುವುದು ತರವಲ್ಲ.

ಪಾಚಿ ಕೊಲ್ಲುವ ಔಷಧಿಯನ್ನು ಹಾಕಬಾರದೇ ಎಂಬುದು ಎರಡನೆಯ ಮಾತು. ಅಂತಹ ಔಷಧಿಗಳಲ್ಲಿ ಕೆಲವು ತಾಮ್ರದಿಂದ ಕೂಡಿರುತ್ತವೆ. ತಾಮ್ರವು ಬಸವನಹುಳುಗಳಿಗೆ ವಿಷ. ಪಾಚಿಯೊಡನೆ ಚಾಕರನೂ ಸಾಯುವನು, ಸತ್ತವನು ಕೊಳೆತು ಮತ್ತೆ ಪಾಚಿಗೆ ಗೊಬ್ಬರವಾಗುವನು. ಇನ್ನೂ ಹತ್ತು ಹುಳುಗಳನ್ನು ತಂದು ಬಿಟ್ಟರೆ ಆಗದೇ ಎಂಬುದು ಮೂರನೆಯದು. ಇದು ಮೇಲುನೋಟಕ್ಕೆ ಸರಿಯೆಂದು ತೋರಿದರೂ ನಮಗೆ ಒಪ್ಪಿಗೆಯಿಲ್ಲ. ಹುಳುಗಳು ಪಾಚಿಯನ್ನು ತಿನ್ನುತ್ತವೆ, ಗೊಬ್ಬರವನ್ನು ತೊಟ್ಟಿಯಿಂದ ಹೊರಗೆ ಹಾಕುವುದಿಲ್ಲ. ಪಾಚಿ ತೀರಿದ ಮೇಲೆ ಅವು ಹಸಿವಿನಿಂದ ಸಾಯಬಹುದು. ಮೇಲಾಗಿ, ಹುಳುವೊಂದನ್ನು ಕಡಲಿನಿಂದ ಎತ್ತಿ ತಂದರೆ ಅಲ್ಲಿನ ಬಂಡೆಗೆ ಅಷ್ಟರ ಮಟ್ಟಿಗೆ ನಷ್ಟ. ಗುಂಡಿಗಳಿಗಾಗಿಯೂ ಅಲಂಕಾರಕ್ಕಾಗಿಯೂ ಲೆಕ್ಕವಿಲ್ಲದಷ್ಟು ಚಿಪ್ಪುಗಳನ್ನು ಮನುಷ್ಯನು ಕಡಲಿನಿಂದ ಬಾಚಿದ್ದಾನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯಕ್ಕೆ 2001ರಲ್ಲಿ ಎಲ್ಲ ಗಟ್ಟಿ ಹವಳಗಳನ್ನೂ, ಟ್ರೋಕಸ್ ನೈಲೋಟಿಕಸ್, ಟರ್ಬೋ ಮಾರ್ಮೊರೇಟಸ್ ಎಂಬ ದೊಡ್ಡ ಕಡಲ ಬಸವನಹುಳುಗಳನ್ನೂ ಸೇರಿಸಬೇಕಾಯಿತು. ಯಾವ ಜಾತಿಯೆಂದು ವಿಚಾರಿಸದೆ ಕೊಳ್ಳುವ ಹವ್ಯಾಸಿಯು ಕಡಲಿಗೂ ಅಪರಾಧಿ, ಕಾನೂನಿಗೂ ಅಪರಾಧಿ ಆಗಬಹುದು.

ಒಂದು ಮನೆಯ ತೊಟ್ಟಿಗಾಗಿ ಇಷ್ಟೊಂದು ಮಾತೇಕೆಂದು ವಾಚಕರು ಕೇಳಬಹುದು. ನಮ್ಮ ಮನೆಗಳ ಪಕ್ಕದಲ್ಲಿಯೇ ಇನ್ನೊಂದು ತೊಟ್ಟಿಯಿದೆ, ಅದು ನಮ್ಮೆಲ್ಲರದು. ಹೈದರಾಬಾದು ಸಿಕಂದರಾಬಾದುಗಳ ನಡುವಣ ಹುಸೇನ್ ಸಾಗರವು ಇಬ್ರಾಹಿಂ ಕುಲಿ ಕುತುಬ್ ಶಾಹನ ಕಾಲದಲ್ಲಿ, 1563ರ ಸುಮಾರಿಗೆ ನಿರ್ಮಾಣವಾಯಿತು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು 1920ರ ದಶಕದಲ್ಲಿ ಸಿದ್ಧವಾಗುವವರೆಗೆ ನಗರಕ್ಕೆ ನೀರು ಕೊಡುತ್ತಿದ್ದುದು ಈ ಕೆರೆ. 1992ರಲ್ಲಿ ಅದರ ನಡುವೆ ಬುದ್ಧನ ಏಕಶಿಲಾ ಮೂರ್ತಿಯನ್ನು ನಿಲ್ಲಿಸಲಾಯಿತು. ಆದರೆ ಕೂಕಟ್‌ಪಲ್ಲಿ, ಪಿಕೆಟ್, ಬಂಜಾರಾ, ಬಲ್ಕಾಪುರ ಎಂಬ ನಾಲೆಗಳ ಮೂಲಕ ದಶಕಗಳ ಕಾಲ ಹರಿದು ಬಂದುದು ಮನೆಗಳ ಮೋರಿಯ ನೀರು, ಕಾರ್ಖಾನೆಗಳ ಕೊಳೆ. ಇವುಗಳಲ್ಲಿ ಪಿಕೆಟ್ ನಾಲೆಯು ನಮ್ಮ ಸಿಕಂದರಾಬಾದಿನ ಕಡೆಯಿಂದಲೇ ಇಳಿಯುವುದು. ಬೇಸಗೆಯಲ್ಲಿ ಕಟ್ಟೆಯ ಮೇಲೆ ನಡೆಯುವವರು ಕಾಣುವ ಹಸಿರು ನೀರಿಗೂ, ಮೂಗು ಮುಚ್ಚಿಸುವ ನಾತಕ್ಕೂ ಇದೇ ಕಾರಣ. ಕೆರೆಯ ಸುಧಾರಣೆಗಾಗಿ 2006ರಲ್ಲಿ ಜಪಾನಿನ ಸಾಲದ ನೆರವಿನಿಂದ ಯೋಜನೆಯೊಂದು ಆರಂಭವಾಯಿತು. ನಾಲೆಗಳ ಕೊಳೆಯನ್ನು ಬೇರೆಡೆಗೆ ತಿರುಗಿಸುವ, ಶುದ್ಧೀಕರಿಸುವ ಕೆಲಸವೂ ನಡೆಯಿತು. ಅಂತಹ ಕೆಲಸವೇ ನಿಜವಾದ ಚಿಕಿತ್ಸೆ. ಮೇಲೆ ತೇಲುವ ಕಸವನ್ನು ಯಂತ್ರದಿಂದ ತೆಗೆಯುವುದು ಅವಶ್ಯವಾದರೂ ಅದಷ್ಟರಿಂದಲೇ ಕೆರೆ ಗುಣವಾಗದು. ನಾವು ಬ್ರಷಿನಿಂದ ಚಿಪ್ಪನ್ನು ಉಜ್ಜಿದಂತೆಯೇ ಅದು.

ಇನ್ನೊಂದು ಮಾತನ್ನೂ ನೆನೆಯಬೇಕು. ನಾವು ಕುಡಿಯುವ ನೀರಿನಲ್ಲಿ ಮಂಜೀರಾ ನದಿಯ ಪಾಲೂ ಇದೆ. ಆ ನದಿಯು ನಮ್ಮಲ್ಲಿ ಹಲವರ ಅಜ್ಜ ಅಜ್ಜಿಯರ ನಾಡಾದ ಬೀದರ ಜಿಲ್ಲೆಯನ್ನು ಹಾದು ಇತ್ತ ಬರುತ್ತದೆ. ಅಲ್ಲಿಯವರು ನದಿಯನ್ನು ತಿಳಿಯಾಗಿ ಕಾಪಾಡಿದರೆ ಇಲ್ಲಿಯ ನಮ್ಮ ಕೊಡ ತಿಳಿಯಾಗಿರುವುದು. ನಾವು ಹೊರಕ್ಕೆ ಬಿಟ್ಟ ನೀರು ಮೂಸಿಯನ್ನು ಸೇರಿ ಕೆಳಗಿನ ಊರುಗಳ ಹೊಲಗದ್ದೆಗಳನ್ನು ಮುಟ್ಟುವುದು. ಅವರ ಬೆನ್ನು ನಮ್ಮ ಕೈಯಲ್ಲಿದೆ, ನಮ್ಮ ಬೆನ್ನು ಮೇಲಿನ ಊರಿನವರ ಕೈಯಲ್ಲಿದೆ. ಆ ಸಂಜೆ ತೊಟ್ಟಿಯಲ್ಲಿ ಒಂದು ಹುಳುವು ಇನ್ನೊಂದರ ಬೆನ್ನೇರಿ ಮಾಡುತ್ತಿದ್ದ ಕೆಲಸವು ನಮಗೆ ಇದನ್ನೇ ಕಲಿಸಿತು.

ಸಹಪಾಠಿಗಳೇ, ಎಲ್ಲರೂ ಕಡಲಿನ ತೊಟ್ಟಿಯನ್ನು ಇರಿಸಿಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ದಿನವೂ ನೋಡಿಕೊಳ್ಳುವ ವ್ಯವಧಾನವಿಲ್ಲದವರು ಇರಿಸಿಕೊಳ್ಳದಿರುವುದೇ ಲೇಸು. ಆದರೆ ಮನೆಯಲ್ಲಿ ಒಂದು ಬಟ್ಟಲು ನೀರಿನಲ್ಲಿ ಒಂದೇ ಮೀನನ್ನು ಸಾಕಿದವನಿಗೂ ಈ ಮಾತು ಸಲ್ಲುವುದು. ಹಸಿರು ಕಂಡ ಕೂಡಲೇ ಬ್ರಷನ್ನು ಹುಡುಕಬೇಡಿರಿ. ಏನನ್ನು, ಎಷ್ಟನ್ನು ಒಳಗೆ ಹಾಕಿದೆವೆಂದು ಮೊದಲು ಲೆಕ್ಕ ಮಾಡಿರಿ. ಮೋರಿಗೆ ಎಣ್ಣೆಯನ್ನೋ ಸಾಬೂನಿನ ನೀರನ್ನೋ ಸುರಿಯುವಾಗ ಅದು ಯಾವ ನಾಲೆಯನ್ನು ಸೇರುವುದೆಂದು ಒಮ್ಮೆ ಕೇಳಿಕೊಳ್ಳಿರಿ.

ಅಂಚು ಮುರಿದ ಆ ಬಸವನಹುಳುವು ಈಗಲೂ ಬದುಕಿದೆ. ಮುರಿದ ಕಡೆಯಲ್ಲಿ ಹೊಸ ಚಿಪ್ಪು ಬೆಳೆದಿದೆ. ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ಗೆರೆ ಮಾತ್ರ ಉಳಿದಿದೆ. ತೊಟ್ಟಿಯ ಬಳಿಗೆ ಹೋದಾಗಲೆಲ್ಲ ನಾವು ಮೊದಲು ನೋಡುವುದು ಆ ಗೆರೆಯನ್ನೇ.